ಡಯಾಲಿಸಿಸ್ ಮಾಡಿಸಿಕೊಳ್ಳುವವರು ವ್ಯಾಯಾಮ ಮಾಡಿದರೆ ಮನಸ್ಸೂ ಸುಧಾರಿಸುತ್ತದಾ?

ಮಳೆಬಿಲ್ಲು
ನಮ್ಮ ಯಜಮಾನರಿಗೆ ವಾರಕ್ಕೆ ಮೂರು ಸಲ ಹೀಮೋಡಯಾಲಿಸಿಸ್ (ಯಂತ್ರದಿಂದ ರಕ್ತ ಸೋಸುವುದು) ನಡೆಯುತ್ತಿದೆ, ಪ್ರತಿ ಸಲ ನಾಲ್ಕು ಗಂಟೆ. ವಯಸ್ಸು ಐವತ್ತರ ಆಸುಪಾಸು. ಮೊದಲು ಒಂದು ಕಡೆ ಕೂರುವ ಮನುಷ್ಯನೇ ಅಲ್ಲ. ಈಗ ಡಯಾಲಿಸಿಸ್ ಇಲ್ಲದ ದಿನವೂ ಮಂಚ ಬಿಟ್ಟು ಏಳುವುದಿಲ್ಲ. ಟಿವಿ ಹಾಕುತ್ತಾರೆ, ಆದರೆ ನೋಡುವುದಿಲ್ಲ. ಸ್ನೇಹಿತರು ಫೋನ್ ಮಾಡಿದರೆ "ಮಲಗಿದ್ದಾರೆ ಅಂತ ಹೇಳು" ಅನ್ನುತ್ತಾರೆ.

ಡಾಕ್ಟರು "ಸ್ವಲ್ಪ ಓಡಾಡಲಿ, ಮನಸ್ಸಿಗೂ ಒಳ್ಳೆಯದು" ಅಂದರು. ಎಷ್ಟು, ಹೇಗೆ, ಯಾವಾಗ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ನಾನು "ಏಳಿ, ನಾಲ್ಕು ಹೆಜ್ಜೆ ಹಾಕೋಣ" ಅಂದರೆ ಜಗಳ. ಅತ್ತೆಯವರು "ಕಿಡ್ನಿ ಹೋದವನನ್ನು ಯಾಕೆ ದಣಿಸುತ್ತೀಯ" ಅನ್ನುತ್ತಾರೆ. ವ್ಯಾಯಾಮದಿಂದ ನಿಜವಾಗಲೂ ಮನಸ್ಸು ಸುಧಾರಿಸುತ್ತದಾ? ಅಪಾಯ ಏನಾದರೂ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಲ್ಲುಬಂಡೆ
ಖಂಡಿತ ಸುಧಾರಿಸುತ್ತದೆ ಅಕ್ಕ. ಬೆಳಿಗ್ಗೆ ಎಬ್ಬಿಸಿ ಒಂದು ಗಂಟೆ ಬಿರುಸಾಗಿ ನಡೆಸಿ. ಮೊದಲ ವಾರ ಕಷ್ಟ, ಆಮೇಲೆ ಅವರೇ ಏಳುತ್ತಾರೆ. ಮನಸ್ಸು ಮಾಡಬೇಕು ಅಷ್ಟೇ.

ಗುಬ್ಬಚ್ಚಿ
"ಮನಸ್ಸು ಮಾಡಬೇಕು ಅಷ್ಟೇ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಾನೂ ಡಯಾಲಿಸಿಸ್‌ನಲ್ಲೇ ಇರುವವಳು. ಒಂದೇ ಸಲಕ್ಕೆ ಎರಡು ಮೂರು ಲೀಟರ್ ನೀರು ಮೈಯಿಂದ ತೆಗೆಯುತ್ತಾರೆ. ಮನೆಗೆ ಬಂದಾಗ ಚಪ್ಪಲಿ ಬಿಚ್ಚುವುದಕ್ಕೂ ಗೋಡೆ ಹಿಡಿಯಬೇಕು. ತಲೆ ಭಾರ, ಕಾಲಲ್ಲಿ ಶಕ್ತಿ ಇಲ್ಲ, ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೂ ಅಳು ಬರುತ್ತದೆ. ಇದನ್ನು ಸೋಮಾರಿತನ ಅಂತ ಮನೆಯವರೇ ಅಂದುಕೊಂಡರೆ ಇನ್ನೂ ಕುಗ್ಗಿಹೋಗುತ್ತೇವೆ.

ಮಳೆಬಿಲ್ಲು ಅಕ್ಕ, ಮೊದಲು ಅವರನ್ನು ನಡೆಸಬೇಡಿ. ಮೊದಲು ಅವರಿಗೆ ಏನಾಗುತ್ತಿದೆ ಅಂತ ಕೇಳಿ.

ಕಲ್ಲುಬಂಡೆ
ಬೈಯುವುದಕ್ಕೆ ಹೇಳಿದ್ದಲ್ಲ ಮೇಡಂ. ನಮ್ಮ ಅಣ್ಣನಿಗೂ ಕಿಡ್ನಿ ತೊಂದರೆ ಇದೆ. ದಿನಾ ನಡೆದೇ ಚೆನ್ನಾಗಿದ್ದಾನೆ. ಕಣ್ಣಾರೆ ಕಂಡಿದ್ದನ್ನು ಹೇಳಿದೆ.

ಸೂಜಿಮಲ್ಲಿಗೆ
ಕಲ್ಲುಬಂಡೆ ಸರ್, ನಿಮ್ಮ ಅಣ್ಣನ ಕಿಡ್ನಿ ಯಾವ ಹಂತದಲ್ಲಿದೆ? ಐದು ಹಂತಗಳಿವೆ. ಮೂರನೇ ಹಂತದವರಿಗೆ ಎಷ್ಟೋ ಸಲ ಮೈಗೆ ಏನೂ ಗೊತ್ತೇ ಆಗುವುದಿಲ್ಲ. ಡಯಾಲಿಸಿಸ್‌ನಲ್ಲಿ ಇರುವವರ ಸ್ಥಿತಿಯೇ ಬೇರೆ. ಇಬ್ಬರಿಗೂ ಒಂದೇ ಸಲಹೆ ಕೊಡಲು ಆಗುವುದಿಲ್ಲ.

ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ನರ್ಸ್. ಮಳೆಬಿಲ್ಲು ಅವರೇ, ಯಜಮಾನರು ಏಳುತ್ತಿಲ್ಲ ಅಂದರೆ ಮನಸ್ಸಿನ ವಿಷಯಕ್ಕೆ ಹೋಗುವ ಮೊದಲು ಸುಸ್ತಿನ ಕಾರಣ ಹುಡುಕಿಸಿ. ಹಿಮೋಗ್ಲೋಬಿನ್ ಎಷ್ಟಿದೆ? ಕೆಟ್ಟ ಕಿಡ್ನಿ ಎರಿತ್ರೊಪೊಯೆಟಿನ್ ಅನ್ನುವ ಹಾರ್ಮೋನನ್ನು ಸಾಕಷ್ಟು ಮಾಡುವುದಿಲ್ಲ, ಅದಕ್ಕೇ ರಕ್ತ ಕಡಿಮೆಯಾಗುತ್ತದೆ. ಎಂಟರ ಹತ್ತಿರ ಇರುವವರನ್ನು ನಡೆ ಅಂದರೆ ಪಾಪ, ಎಲ್ಲಿಂದ ನಡೆಯುತ್ತಾರೆ? ಡ್ರೈ ವೆಯ್ಟ್, ಅಂದರೆ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ, ಸರಿಯಾಗಿ ಇಟ್ಟಿದ್ದಾರಾ? ಜಾಸ್ತಿ ನೀರು ತೆಗೆದರೆ ಬಿಪಿ ಬಿದ್ದು ಮಾರನೇ ದಿನದವರೆಗೂ ಎಳೆಯುತ್ತದೆ. ರಕ್ತದ ಆಮ್ಲವನ್ನು ಹದದಲ್ಲಿಡುವ ಬೈಕಾರ್ಬೊನೇಟ್ ಕಡಿಮೆ ಇದ್ದರೆ ಮಾಂಸಖಂಡ ಕರಗುತ್ತದೆ. ರಾತ್ರಿ ನಿದ್ದೆ ಹೇಗಿದೆ? ಕಾಲನ್ನು ಒಂದು ಕಡೆ ಇಡಲಾಗದೆ ಆಡಿಸುತ್ತಲೇ ಇರುತ್ತಾರಾ? ಡಯಾಲಿಸಿಸ್ ಪೇಷಂಟ್‌ಗಳಲ್ಲಿ ಅದು ತುಂಬಾ ಸಾಮಾನ್ಯ. ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ.

ಇವೆಲ್ಲ ನೋಡಿದ ಮೇಲೆ ವ್ಯಾಯಾಮ. ಒಂದು ಗಂಟೆ ಬಿರುಸು ನಡಿಗೆ ಖಂಡಿತ ಬೇಡ. ಡಯಾಲಿಸಿಸ್ ಇಲ್ಲದ ದಿನ ಐದು ನಿಮಿಷ ನಡೆಯಲಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ನಾಲ್ಕೈದು ಸಲ ಮಾಡಲಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ವೇಗಕ್ಕೆ ಅದೇ ಅಳತೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ನಾಡಿ ಅಷ್ಟು ಏರುವುದೇ ಇಲ್ಲ. ಹಾಗಾಗಿ ಕೈಗಡಿಯಾರದಲ್ಲಿ ಬರುವ ನಾಡಿ ಲೆಕ್ಕ ನಂಬಿ ವೇಗ ಹೆಚ್ಚಿಸಬೇಡಿ.

ಡಯಾಲಿಸಿಸ್ ತಪ್ಪಿಸಿಕೊಂಡಿದ್ದರೆ ವ್ಯಾಯಾಮ ಬೇಡವೇ ಬೇಡ. ಪೊಟ್ಯಾಸಿಯಂ ಏರಿರುತ್ತದೆ, ಹೃದಯಕ್ಕೆ ಅಪಾಯ. ಜ್ವರ ಇದ್ದಾಗ, ಬಿಪಿ ತುಂಬಾ ಏರಿದ್ದಾಗಲೂ ಬೇಡ. ಎದೆ ನೋವು, ತಲೆ ಸುತ್ತು, ಕೂತರೂ ನಿಲ್ಲದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತೋರಿಸಿ.

ಮಳೆಬಿಲ್ಲು
ತುಂಬಾ ಥ್ಯಾಂಕ್ಸ್ ಸೂಜಿಮಲ್ಲಿಗೆ ಅಕ್ಕ. ಹಿಮೋಗ್ಲೋಬಿನ್ 8.4 ಅಂತ ಹಿಂದಿನ ರಿಪೋರ್ಟ್‌ನಲ್ಲಿ ಇದೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಿದ್ದಾರೆ. ಕಾಲು ಆಡಿಸುವುದು ಇದೆ, ರಾತ್ರಿಯೆಲ್ಲಾ ಹೊದಿಕೆ ಒದೆಯುತ್ತಲೇ ಇರುತ್ತಾರೆ. ಅದೂ ಕಿಡ್ನಿಗೆ ಸಂಬಂಧಪಟ್ಟಿದ್ದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಸೂಜಿಮಲ್ಲಿಗೆ
ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ನೋಡಿದ್ದಾರಾ ಕೇಳಿ. ಕಬ್ಬಿಣ ಇಲ್ಲದಿದ್ದರೆ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ನೀಲಿಪೆನ್ನು
ಮೂಲ ಪ್ರಶ್ನೆಗೆ ಬರುತ್ತೇನೆ. ಮನಸ್ಸು ಸುಧಾರಿಸುತ್ತದಾ? ಡಯಾಲಿಸಿಸ್‌ನಲ್ಲಿ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಇದು ಅಪರೂಪದ ವಿಷಯವೇ ಅಲ್ಲ, ಆದರೂ ಮಾತಾಡುವವರು ಕಡಿಮೆ.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಡಯಾಲಿಸಿಸ್ ಪೇಷಂಟ್‌ಗಳ ವ್ಯಾಯಾಮದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ಬಹುಶಃ ಕಡಿಮೆಯಾಗುತ್ತವೆ, ಅದರಲ್ಲೂ ನಾಲ್ಕು ತಿಂಗಳು ದಾಟಿ ಮುಂದುವರಿಸಿದರೆ ಜಾಸ್ತಿ, ಅನ್ನುವುದು ಅದರ ತೀರ್ಮಾನ. "ಒಂದು ವಾರದಲ್ಲಿ ಅವರೇ ಏಳುತ್ತಾರೆ" ಅನ್ನುವ ಮಾತನ್ನು ನಾನು ಒಪ್ಪದೇ ಇರುವುದು ಇದಕ್ಕೇ.

ಇಟಲಿಯ ಎಕ್ಸೈಟ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮನೆಯಲ್ಲೇ, ಅವರವರ ಶಕ್ತಿಗೆ ತಕ್ಕಂತೆ, ಬರೀ ನಡಿಗೆ. ಆರು ತಿಂಗಳಲ್ಲಿ, ಆರು ನಿಮಿಷಕ್ಕೆ ನಡೆಯುವ ದೂರ ಸುಮಾರು 40 ಮೀಟರ್ ಹೆಚ್ಚಾಯಿತು. ಜನರ ಜೊತೆ ಬೆರೆಯುವುದೂ ಸುಧಾರಿಸಿತು. ಫೋನ್ ಬಂದರೆ ಮಲಗಿದ್ದಾರೆ ಅನ್ನು ಅಂದಿದ್ದರಲ್ಲ ನಿಮ್ಮ ಯಜಮಾನರು, ಅದಕ್ಕೆ ಇದನ್ನು ಹೇಳಿದೆ.

ಆದರೆ ಬ್ರಿಟನ್ನಿನ ಪೆಡಲ್ ಪ್ರಯೋಗವನ್ನೂ ಹೇಳಬೇಕು. ಡಯಾಲಿಸಿಸ್ ನಡೆಯುವಾಗಲೇ ಸೈಕಲ್ ತುಳಿಸಿದರು. ಆರು ತಿಂಗಳ ಮೇಲೆ ಜೀವನದ ಗುಣಮಟ್ಟದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹೇಳಿದಷ್ಟು ಪೂರ್ತಿ ತುಳಿದವರೂ ಕಡಿಮೆ. ಹಾಗಾಗಿ ವ್ಯಾಯಾಮವನ್ನು ರಾಮಬಾಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಹಾಯ ಮಾಡುತ್ತದೆ, ಅಷ್ಟಂತೂ ನಿಜ.

ಗುಬ್ಬಚ್ಚಿ
ಪೂರ್ತಿ ತುಳಿದವರು ಕಡಿಮೆ ಅಂದರಲ್ಲ ನೀಲಿಪೆನ್ನು ಸರ್, ಯಾಕೆ ಅಂತ ಯಾರಾದರೂ ನಮ್ಮನ್ನು ಕೇಳಿದ್ದಾರಾ? ಖಿನ್ನತೆ ಇರುವವರಿಗೆ ವ್ಯಾಯಾಮ ಮಾಡುವ ಮನಸ್ಸೇ ಬರುವುದಿಲ್ಲ. ಮಾಡಿದರೆ ತಾನೇ ಖಿನ್ನತೆ ಕಡಿಮೆಯಾಗುವುದು? ಈ ಗಂಟು ಬಿಡಿಸುವುದು ಹೇಗೆ ಅಂತ ಯಾವ ಪ್ರಯೋಗದವರು ಹೇಳುತ್ತಾರೆ?

ನೀಲಿಪೆನ್ನು
ನ್ಯಾಯವಾದ ಪ್ರಶ್ನೆ. ಪ್ರಯೋಗಕ್ಕೆ ಸೇರುವವರು ಅಷ್ಟೋ ಇಷ್ಟೋ ಚೇತರಿಸಿಕೊಂಡವರೇ ಆಗಿರುತ್ತಾರೆ. ತೀರಾ ಕುಗ್ಗಿದವರು ಸಹಿ ಹಾಕುವುದೇ ಇಲ್ಲ.

ಅಂಚೆಪೆಟ್ಟಿಗೆ
ಈ ಗಂಟು ನಮ್ಮ ಮನೆಯಲ್ಲಿ ಹೇಗೆ ಸಡಿಲವಾಯಿತು ಹೇಳುತ್ತೇನೆ. ಅಮ್ಮನಿಗೆ ಡಯಾಲಿಸಿಸ್. ನಾನು ಮಗ, ನಾನು ಏನು ಹೇಳಿದರೂ "ನಿನಗೇನು ಗೊತ್ತು" ಅನ್ನುತ್ತಿದ್ದರು. ಪಕ್ಕದ ಕುರ್ಚಿಗೆ ಅವರದೇ ವಯಸ್ಸಿನ ಒಬ್ಬರು ಬರುತ್ತಾರೆ. ಆಕೆ ಕುರ್ಚಿಯ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಸಿಕೊಂಡು, ಹೊದಿಕೆಯ ಒಳಗೇ ಕಾಲು ಚಾಚುವುದು, ಮಡಿಸುವುದು ಮಾಡುತ್ತಿರುತ್ತಾರೆ. ಬಾಯಿ ಮಾತ್ರ ಹರಟೆ ಹೊಡೆಯುತ್ತಿರುತ್ತದೆ. ಒಂದು ದಿನ ಅಮ್ಮ ಮನೆಗೆ ಬಂದು "ಅಂಥದ್ದೊಂದು ಪಟ್ಟಿ ತಗೊಂಡು ಬಾ" ಅಂದರು. ನಾನು ಯಾಕೆ ಏನು ಕೇಳದೆ ತಂದುಕೊಟ್ಟೆ.

ಈಗ ಇಬ್ಬರೂ ಒಟ್ಟಿಗೆ ಮಾಡುತ್ತಾರೆ. ಆಕೆ ಬಾರದ ದಿನ ಅಮ್ಮನೂ ಮಾಡುವುದಿಲ್ಲ. ಹಾಗಾದರೆ ಅಮ್ಮನ ಮುಖ ಅರಳಿದ್ದು ಪಟ್ಟಿಯಿಂದಲೋ, ಗೆಳತಿಯಿಂದಲೋ? ಎರಡನ್ನೂ ಬೇರೆ ಮಾಡಿ ನೋಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಮಳೆಬಿಲ್ಲು ಅಕ್ಕ, ಮನೆಯವರು ಹೇಳಿದರೆ ಅದು ಕಿರಿಕಿರಿ, ಜೊತೆಯವರು ಹೇಳಿದರೆ ಧೈರ್ಯ. ಯೂನಿಟ್‌ನಲ್ಲಿ ಅಂಥವರು ಯಾರಾದರೂ ಇದ್ದಾರಾ ನೋಡಿ.

ಸೂಜಿಮಲ್ಲಿಗೆ
ಇದು ಒಳ್ಳೆಯ ದಾರಿ. ಡಯಾಲಿಸಿಸ್ ನಡೆಯುವಾಗ ಮಾಡುವುದಾದರೆ ಮೊದಲ ಎರಡು ಗಂಟೆಯಲ್ಲೇ ಮುಗಿಸಿ. ಆಮೇಲೆ ನೀರು ತೆಗೆದಂತೆ ಬಿಪಿ ಇಳಿಯುವ ಸಂಭವ ಜಾಸ್ತಿ. ಸೂಜಿ ಚುಚ್ಚಿರುವ ಕೈ ಅಲ್ಲಾಡಬಾರದು, ಬರೀ ಕಾಲಿನದು ಸಾಕು. ಶುರು ಮಾಡುವ ಮೊದಲು ಸಿಸ್ಟರ್‌ಗೆ ಹೇಳಿ, ಬಿಪಿ ನೋಡುತ್ತಾರೆ.

ಹಳೇಸೈಕಲ್
ನಾನು ಡಯಾಲಿಸಿಸ್‌ವರೆಗೆ ಹೋಗಿಲ್ಲ, 3ಬಿ ಹಂತ. ಆದರೆ ಮನಸ್ಸಿನ ಕಷ್ಟ ಇಲ್ಲಿಂದಲೇ ಶುರು ಅಂತ ಹೇಳಬೇಕು ಅನ್ನಿಸಿತು. ನನ್ನದು ಕ್ರಿಯಾಟಿನಿನ್ ಭಯ, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಅಂಶ. ರಿಪೋರ್ಟ್ ಬರುವ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. 0.1 ಏರಿದರೆ ಆ ತಿಂಗಳೆಲ್ಲಾ ಮಂಕು. ಮೊದಲಿಂದಲೂ ಸೈಕಲ್ ತುಳಿಯುವ ಅಭ್ಯಾಸ. ಒಂದು ಸಲ ಚೆನ್ನಾಗಿ ತುಳಿದ ಮಾರನೇ ದಿನ ರಕ್ತ ಕೊಟ್ಟೆ, ಕ್ರಿಯಾಟಿನಿನ್ ಏರಿತ್ತು. ಸೈಕಲ್ಲೇ ಕಿಡ್ನಿ ಕೆಡಿಸಿತು ಅಂತ ಹೆದರಿ ಅದನ್ನು ಮೂಲೆಗೆ ನಿಲ್ಲಿಸಿದೆ. ಆಮೇಲೆ ತೂಕ ಹೆಚ್ಚಿತು, ಬಿಪಿ ಹೆಚ್ಚಿತು, ಮನೆಯವರ ಮೇಲೆ ಸಿಡುಕು ಹೆಚ್ಚಿತು.

ಡಾಕ್ಟರು ಬಿಡಿಸಿ ಹೇಳಿದರು. ಕ್ರಿಯಾಟಿನಿನ್ ಬರುವುದೇ ಮಾಂಸಖಂಡದಿಂದ. ಮೈ ಬಗ್ಗಿಸಿ ದುಡಿದ ಮಾರನೇ ದಿನ ಅದು ಸ್ವಲ್ಪ ಏರಬಹುದು, ಅಷ್ಟಕ್ಕೇ ಕಿಡ್ನಿ ಹಾಳಾಯಿತು ಅಂತ ಅರ್ಥ ಅಲ್ಲ. ಪರೀಕ್ಷೆಗೆ ಒಂದೆರಡು ದಿನ ಮೊದಲು ಭಾರಿ ವ್ಯಾಯಾಮ ಬೇಡ ಅಂದರು. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಪರೀಕ್ಷೆ ಇದೆ. ಅದು ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸಿಲ್ಲ. ನನ್ನ ಅರ್ಧ ಭಯ ಅಲ್ಲೇ ಹೋಯಿತು. ಈ ಮಾತನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕು.

ನೀಲಿಪೆನ್ನು
ಹೌದು ಸರ್. ಕೆಡಿಗೋ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2024ರ ಮಾರ್ಗಸೂಚಿಯೂ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಅನ್ನುತ್ತದೆ. ಅದರ ಜೊತೆಗೇ "ಅಥವಾ ಹೃದಯ ಮತ್ತು ದೇಹ ತಡೆಯುವಷ್ಟು" ಅಂತಲೂ ಇದೆ. ಈ ಎರಡನೇ ಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

ಕಲ್ಲುಬಂಡೆ
ಹಾಗಾದರೆ ಮಾಂಸಖಂಡ ಬೆಳೆಯಲು ಪ್ರೋಟೀನ್ ಪುಡಿ ಕೊಡಬಹುದಾ? ಅಣ್ಣನಿಗೆ ತಂದುಕೊಡೋಣ ಅಂತಿದ್ದೆ.

ಸೂಜಿಮಲ್ಲಿಗೆ
ಸುಮ್ನೆ ಅಂಗಡಿಯಿಂದ ತಂದು ಕೊಡಬೇಡಿ ಸರ್! ಡಯಾಲಿಸಿಸ್ ಶುರುವಾಗದವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಅಂತ ಲೆಕ್ಕ. ಡಯಾಲಿಸಿಸ್‌ನಲ್ಲಿ ಇರುವವರಿಗೆ 1ರಿಂದ 1.2 ಗ್ರಾಂ, ಯಾಕೆಂದರೆ ಅವರಿಗೆ ಪ್ರತಿ ಸಲವೂ ಸ್ವಲ್ಪ ಪ್ರೋಟೀನ್ ಹೊರಗೆ ಹೋಗುತ್ತದೆ. ಪುಡಿಗಳಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಇರಬಹುದು. ಮಾಂಸಖಂಡ ಬೆಳೆಸಲು ಹಾಕುವ ಕ್ರಿಯಾಟಿನ್ ಬೆರೆಸಿದ್ದರೆ ಕ್ರಿಯಾಟಿನಿನ್ ರಿಪೋರ್ಟೂ ಏರುಪೇರು. ಡಯೆಟಿಷಿಯನ್ ಕೇಳಿ.

ಇನ್ನೆರಡು ಮಾತು. ವ್ಯಾಯಾಮ ಮಾಡಿ ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಕಿಡ್ನಿಗೆ ನೇರ ಪೆಟ್ಟು. ನೀರಿನ ಮಿತಿ ಇರುವವರು ಬೆವರಿದೆವು ಅಂತ ಬಾಟಲಿಗಟ್ಟಲೆ ಕುಡಿಯಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ಹುಷಾರು. ಕಿಡ್ನಿ ದುರ್ಬಲವಾದರೆ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ನಡೆದಾಗ ಸಕ್ಕರೆ ಸಟ್ಟನೆ ಇಳಿಯಬಹುದು.

ಅರಳಿಮರ
ಹೊಟ್ಟೆಯ ಡಯಾಲಿಸಿಸ್‌ನವರನ್ನು ಎಲ್ಲರೂ ಮರೆಯುತ್ತಾರೆ. ರಕ್ತ ಶುದ್ಧ ಮಾಡಲು ಟ್ಯೂಬ್ ಮೂಲಕ ಹಾಕಿದ ದ್ರವ ನಮ್ಮ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ತುಂಬಿರುತ್ತದೆ. ಭಾರ ಎತ್ತಿದರೆ, ಬಗ್ಗಿ ಹೊಟ್ಟೆಯ ವ್ಯಾಯಾಮ ಮಾಡಿದರೆ ಒಳಗಿನ ಒತ್ತಡ ಏರಿ ಹರ್ನಿಯಾ ಆಗಬಹುದು. ನಡಿಗೆಗೆ ಏನೂ ಅಡ್ಡಿಯಿಲ್ಲ. ಸ್ವಲ್ಪ ಜೋರಾಗಿ ಮಾಡುವುದಿದ್ದರೆ ದ್ರವ ಖಾಲಿ ಮಾಡಿ ಮಾಡಿ ಅಂತ ನನಗೆ ಹೇಳಿದ್ದಾರೆ. ಈಜುವುದಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು, ಟ್ಯೂಬ್ ಬಳಿ ಸೋಂಕು ಆಗಬಹುದು.

ಮನಸ್ಸಿನ ವಿಷಯ ಅಂದರೆ, ನನಗೆ ಕನ್ನಡಿ ಕಷ್ಟ. ಹೊಟ್ಟೆ ಮುಂದೆ ಬಂದಿರುತ್ತದೆ, ಟ್ಯೂಬ್ ಕಾಣುತ್ತದೆ. ಅದಕ್ಕೇ ಕತ್ತಲಾದ ಮೇಲೆ ನಡೆಯಲು ಹೋಗುತ್ತೇನೆ. ಹಾಗಾದರೂ ಹೋಗುತ್ತೇನೆ.

ಗುಬ್ಬಚ್ಚಿ
ಅರಳಿಮರ, ನನಗೆ ಫಿಸ್ಟುಲಾ ಕೈ, ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಕೈ. ಹಗ್ಗದ ಹಾಗೆ ಉಬ್ಬಿದೆ. ಎಷ್ಟು ಸೆಕೆ ಇದ್ದರೂ ಉದ್ದ ತೋಳು ಹಾಕುತ್ತೇನೆ. ನಿಮ್ಮ ಮಾತು ಅರ್ಥ ಆಯಿತು.

ಹೊಸಚಿಗುರು
ನನಗೆ ಕಿಡ್ನಿ ಕಸಿ ಆಗಿದೆ. ಕಸಿ ಆದರೆ ಎಲ್ಲಾ ಸರಿಹೋಯಿತು ಅಂತ ಜನ ಅಂದುಕೊಳ್ಳುತ್ತಾರೆ. ಕಸಿಯನ್ನು ಮೈ ತಿರಸ್ಕರಿಸದಿರಲು ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಜಾಸ್ತಿ ಇದ್ದ ದಿನಗಳಲ್ಲಿ ನನಗೆ ಸಿಟ್ಟು, ಅಳು, ನಿದ್ದೆ ಇಲ್ಲ. ತೊಡೆಯಲ್ಲಿ ಶಕ್ತಿಯೂ ಇಲ್ಲ. ಇದು ಮಾತ್ರೆಯಿಂದ ಆಗಬಹುದು ಅಂತ ತಿಳಿದಾಗ ಸಮಾಧಾನ ಆಯಿತು. ಕಿಡ್ನಿ ಕೊಟ್ಟವರು ನನ್ನ ಅಕ್ಕ. "ಖುಷಿಯಾಗಿಲ್ಲ" ಅಂತ ಅವಳ ಮುಂದೆ ಹೇಗೆ ಹೇಳಲಿ?

ಕಸಿ ಮಾಡಿಸಿಕೊಂಡವರಿಗಾಗಿಯೇ ವಿಶ್ವ ಕ್ರೀಡಾಕೂಟ ಇದೆ ಗೊತ್ತಾ? 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾಯಿತು. ನಾನು ಅಲ್ಲಿಗೆ ಹೋಗುವವನಲ್ಲ, ಆದರೆ ಆ ಫೋಟೋಗಳನ್ನು ಆಗಾಗ ನೋಡುತ್ತೇನೆ. ಹೊಟ್ಟೆಗೆ ಪೆಟ್ಟು ಬೀಳುವ ಆಟ ಬಿಟ್ಟು ಉಳಿದದ್ದೆಲ್ಲ ನಿಧಾನವಾಗಿ ಶುರು ಮಾಡಬಹುದು ಅಂದಿದ್ದಾರೆ.

ಮಳೆಬಿಲ್ಲು
ಎಲ್ಲರ ಮಾತೂ ಓದಿದೆ. ಒಂದು ವಿಷಯ ಮೊದಲು ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಅವರು "ಡಯಾಲಿಸಿಸ್ ಬಿಟ್ಟುಬಿಡುತ್ತೇನೆ, ನಿನಗೂ ಬಿಡುಗಡೆ" ಅಂದರು. ಕೋಪದಲ್ಲಿ ಅಂದಿದ್ದಾ, ನಿಜವಾಗಲೂ ಅಂದಿದ್ದಾ ತಿಳಿಯುತ್ತಿಲ್ಲ. ಮತ್ತೆ ಕೇಳಲು ಭಯ. ಕೇಳಿದರೆ ಆ ಯೋಚನೆ ಇನ್ನೂ ಗಟ್ಟಿಯಾಗುತ್ತದಾ?

ಬೆಳ್ಳಿಚುಕ್ಕಿ
ಮಳೆಬಿಲ್ಲು, ನಾನು ಆಪ್ತಸಮಾಲೋಚಕಿ. ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಯಾರೂ ಕೇಳದಿದ್ದಾಗಲೇ ಅದು ಒಳಗೆ ಬೆಳೆಯುವುದು. ಪಕ್ಕದಲ್ಲಿ ಕೂತು, ಟಿವಿ ಆರಿಸಿ, "ನಿನ್ನೆ ಹಾಗಂದಿರಲ್ಲ, ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿ. ಹೌದು ಅಂದರೆ ವಾದ ಮಾಡಬೇಡಿ, ಬುದ್ಧಿ ಹೇಳಬೇಡಿ, ಒಬ್ಬರನ್ನೇ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಡಯಾಲಿಸಿಸ್ ಬಿಡುವ ಮಾತನ್ನು ಕಿಡ್ನಿ ಡಾಕ್ಟರಿಗೆ ತಿಳಿಸಲೇಬೇಕು. ಚಿಕಿತ್ಸೆ ಸಾಕು ಅನ್ನಿಸುವುದರ ಹಿಂದೆ ಎಷ್ಟೋ ಸಲ ಖಿನ್ನತೆ ಇರುತ್ತದೆ.

ಇಲ್ಲಿ ಒಂದು ತೊಡಕಿದೆ. ಸುಸ್ತು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಖಿನ್ನತೆಯಲ್ಲೂ ಇರುತ್ತವೆ, ಕಿಡ್ನಿ ಕಾಯಿಲೆಯಲ್ಲೂ ಇರುತ್ತವೆ. ಹಾಗಾಗಿ ಎಲ್ಲವನ್ನೂ ಕಿಡ್ನಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವವರೇ ಜಾಸ್ತಿ. ನಾನು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಖುಷಿ ಕೊಡುತ್ತದಾ? ನಾನು ಎಲ್ಲರಿಗೂ ಹೊರೆ ಅನ್ನಿಸುತ್ತದಾ? "ನಿನಗೂ ಬಿಡುಗಡೆ" ಅನ್ನುವ ಮಾತಲ್ಲಿ ಎರಡನೆಯದರ ಉತ್ತರ ಇದೆ.

ಹಾಗಾಗಿ ಈಗ ವ್ಯಾಯಾಮದ ಮಾತು ಸ್ವಲ್ಪ ಬದಿಗಿಡಿ. ಅವರಿಗೆ ಸರಿಯಾದ ಚಿಕಿತ್ಸೆ ಸಿಗಲಿ. ಅದರ ಜೊತೆಗೆ ನಡಿಗೆ ಬರಲಿ, ಅದರ ಬದಲಿಗೆ ಅಲ್ಲ. ಗುಬ್ಬಚ್ಚಿ ಹೇಳಿದ ಗಂಟಿಗೂ ನನ್ನ ಉತ್ತರ ಇದೇ. ಮನಸ್ಸು ಬರಲಿ ಅಂತ ಕಾಯದೆ ತೀರಾ ಸಣ್ಣದರಿಂದ ಶುರು ಮಾಡಿಸುತ್ತೇವೆ. ಬಾಗಿಲವರೆಗೆ ಹೋಗಿ ಬರುವುದು, ಅಷ್ಟೇ. ಅದನ್ನು ಅವರೇ ಆರಿಸಿಕೊಳ್ಳಬೇಕು. ನೀರು, ಊಟ, ಸಮಯ ಎಲ್ಲಕ್ಕೂ ಬೇರೆಯವರ ಅಪ್ಪಣೆ ಇರುವ ಬದುಕಿನಲ್ಲಿ ತಾವೇ ಆರಿಸಿಕೊಂಡ ಒಂದು ಕೆಲಸಕ್ಕೆ ತುಂಬಾ ಬೆಲೆ ಇದೆ.

ನೀವೂ ಯಾರ ಹತ್ತಿರವಾದರೂ ಮಾತಾಡಿ. ನಿಮ್ಮ ನಿದ್ದೆಯ ಬಗ್ಗೆ ಇಲ್ಲಿ ಯಾರೂ ಕೇಳಲಿಲ್ಲ.

ಅಂಚೆಪೆಟ್ಟಿಗೆ
ಕೊನೆಯ ಸಾಲಿಗೆ ಕೈ ಮುಗಿದೆ.

ಹಳೇಸೈಕಲ್
ಖಿನ್ನತೆಯ ಮಾತ್ರೆ ಕಿಡ್ನಿಗೆ ತೊಂದರೆ ಮಾಡುವುದಿಲ್ಲವಾ? ಮೊದಲೇ ಹಿಡಿ ತುಂಬ ಮಾತ್ರೆ.

ನೀಲಿಪೆನ್ನು
ಕೆಲವಕ್ಕೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಅದಕ್ಕೇ ಕಿಡ್ನಿ ವಿಷಯ ಗೊತ್ತಿರುವ ಡಾಕ್ಟರೇ ಬರೆಯಬೇಕು. ಸರ್ಟ್ರಲಿನ್ ಅನ್ನುವ ಖಿನ್ನತೆಯ ಮಾತ್ರೆ ಬಗ್ಗೆ ಎರಡು ಮುಖ್ಯ ಪ್ರಯೋಗಗಳಿವೆ. ಡಯಾಲಿಸಿಸ್ ಶುರುವಾಗದವರಲ್ಲಿ ಅದು ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೇನೂ ಕಾಣಲಿಲ್ಲ, ಇದು 2017ರದು. 2019ರದು ಡಯಾಲಿಸಿಸ್‌ನವರ ಮೇಲೆ. ಅಲ್ಲಿ 12 ವಾರಗಳ ಕೊನೆಗೆ ಮಾತುಚಿಕಿತ್ಸೆಗಿಂತ ಮಾತ್ರೆ ತುಸು ಮುಂದಿತ್ತು, ಅಡ್ಡ ಪರಿಣಾಮವೂ ಜಾಸ್ತಿ ಇತ್ತು. ಆ ಮಾತುಚಿಕಿತ್ಸೆಯನ್ನು ಡಯಾಲಿಸಿಸ್ ನಡೆಯುವ ಜಾಗದಲ್ಲೇ ಕೊಟ್ಟರು. ಇದು ಎಲ್ಲಾ ಕಡೆ ಬರಬೇಕು ಅನ್ನುವುದು ನನ್ನ ಆಸೆ. ಹೇಗೂ ನಾಲ್ಕು ಗಂಟೆ ಕೂತೇ ಇರುತ್ತಾರಲ್ವಾ.

ಮಳೆಬಿಲ್ಲು
ಕೇಳಿದೆ. ತುಂಬಾ ಹೊತ್ತು ಅತ್ತರು. ಸಾಯುವ ಯೋಚನೆ ಇಲ್ಲ, ಹೀಗೇ ಇರಲು ಆಗುತ್ತಿಲ್ಲ ಅಂದರು. ಇವತ್ತು ಯೂನಿಟ್‌ನಲ್ಲಿ ಡಾಕ್ಟರಿಗೆ ಎಲ್ಲಾ ಹೇಳಿದೆ. ಮನೋವೈದ್ಯರಿಗೆ ಬರೆದುಕೊಟ್ಟಿದ್ದಾರೆ, ಕಬ್ಬಿಣದ ಪರೀಕ್ಷೆಗೂ ಬರೆದಿದ್ದಾರೆ. ನಡಿಗೆಯ ಮಾತು ನಾನು ಎತ್ತಲಿಲ್ಲ. ಅಂಚೆಪೆಟ್ಟಿಗೆಯವರ ಅಮ್ಮನ ಕಥೆ ಓದಿ ಹೇಳಿದೆ, ಸುಮ್ಮನೆ ಕೇಳಿಸಿಕೊಂಡರು.

ಗುಬ್ಬಚ್ಚಿ
ಒಳ್ಳೆಯದು ಮಾಡಿದಿರಿ ಅಕ್ಕ. ಆ ಪಟ್ಟಿಯನ್ನು ನಮ್ಮ ಯೂನಿಟ್‌ನಲ್ಲಿ ಬಿಡುತ್ತಾರಾ ಅಂತ ನಾನೂ ಕೇಳುತ್ತೇನೆ. ಆದರೆ ಯಾರಾದರೂ ಬಂದು "ನೋಡಿ, ಮನಸ್ಸು ಮಾಡಿದರೆ ಆಯಿತಲ್ಲ" ಅಂದರೆ ಅವತ್ತೇ ಬಿಚ್ಚಿಡುತ್ತೇನೆ!

ಕಲ್ಲುಬಂಡೆ
ನಾನಂತೂ ಅನ್ನುವುದಿಲ್ಲ ಮೇಡಂ. ಸೂಜಿಮಲ್ಲಿಗೆ ಅವರೇ, ಅಣ್ಣನ ರಿಪೋರ್ಟ್ ನೋಡಿದೆ. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು) 52 ಇದೆ. ಯಾವ ಹಂತ?

ಸೂಜಿಮಲ್ಲಿಗೆ
45ರಿಂದ 59ರ ಒಳಗೆ ಇದ್ದರೆ 3ಎ. ನಡಿಗೆ ನಿಲ್ಲಿಸುವುದು ಬೇಡ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಹೋಗುತ್ತಿದೆ ಅಂತ ನೋಡಿದ್ದಾರಾ? ಇಜಿಎಫ್‌ಆರ್ ಒಂದರಿಂದಲೇ ಪೂರ್ತಿ ತಿಳಿಯುವುದಿಲ್ಲ. ಆ ಪುಡಿ ಮಾತ್ರ ತರಬೇಡಿ. ಮತ್ತೆ, ನಿದ್ದೆ ಮಾಡುತ್ತಾರಾ, ಏನು ಯೋಚನೆ ಮಾಡುತ್ತಾರೆ ಅಂತ ಅಣ್ಣನನ್ನೂ ಒಮ್ಮೆ ಕೇಳಿ.